ಮಾವನವರನ್ನು ಸಿ.ಡಿ.ಗೆ ಇಳಿಸಿದ್ದು

ಸಾಕೆಟ್ಟು ಕಂಡಲ್ಲಿ ವೈರು ಸಿಕ್ಕಿಸುವ ಗಂಡಸರ ಪೈಕಿ ನಾನೂ ಒಬ್ಬ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಂತ್ರದ ಜೊತೆ ಬರುವ ಪುಸ್ತಕ ತೆರೆದು ಓದುವುದೆಂದರೆ ನಮ್ಮಂಥವರಿಗೆ ಅವಮಾನ. ಮೇಲಾಗಿ ನಾನು ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಇಪ್ಪತ್ತು ವರ್ಷ ವಿದ್ಯುತ್ತಿನ ಪಾಠ ಹೇಳಿದವನು ನಾಲ್ಕು ವೈರಿಗೆ ಹೆದರುವುದುಂಟೆ? ನಮ್ಮ ಮನೆಯ ಕಾಲಿಂಗ್ ಬೆಲ್ಲನ್ನು ನಾನೇ ರಿಪೇರಿ ಮಾಡಿದ್ದು. ಅಂದಿನಿಂದ ಪಕ್ಕದ ಮನೆಯವರ ಬೆಲ್ ಒತ್ತಿದರೂ ನಮ್ಮದು ಹೊಡೆದುಕೊಳ್ಳುತ್ತದೆ. ಇದನ್ನು ನಾನು ಹೆಚ್ಚುವರಿ ಸೌಲಭ್ಯ ಎನ್ನುತ್ತೇನೆ. ನನ್ನ ಹೆಂಡತಿ ವತ್ಸಲಾ ಬೇರೇನೋ ಅನ್ನುತ್ತಾಳೆ, ಅದು ಇಲ್ಲಿ ಬೇಡ.

ಮನೆಗೆ ಕಂಪ್ಯೂಟರ್ ಬಂದ ವರ್ಷ ಕೊಣನೂರಿನಿಂದ ನಮ್ಮತ್ತೆ ಸರಸಮ್ಮನವರು ಬಂದರು. ಬರುವಾಗ ಸೀರೆಗಳ ಮಧ್ಯೆ ಸುತ್ತಿಟ್ಟುಕೊಂಡು ಒಂದು ವಿಡಿಯೋ ಕ್ಯಾಸೆಟ್ಟು ತಂದಿದ್ದರು. ಅದು ಹತ್ತು ವರ್ಷದ ಹಿಂದೆ ಚನ್ನರಾಯಪಟ್ಟಣದ ಛತ್ರದಲ್ಲಿ ನಡೆದ ನನ್ನ ಮೈದುನನ ಮದುವೆಯದು. ಅದರಲ್ಲಿ ನಮ್ಮ ಮಾವನವರು ಮಾತಾಡುತ್ತಾರೆ. ಮಾವನವರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಫೋಟೋಗಳು ಬೇಕಾದಷ್ಟಿವೆ, ಆದರೆ ಧ್ವನಿ ಉಳಿದಿರುವುದು ಅದೊಂದರಲ್ಲೇ. ನಲವತ್ತು ವರ್ಷದ ಸಂಸಾರದಲ್ಲಿ ಅವರು ಹೆಂಡತಿಯನ್ನು ಹೆಸರು ಹಿಡಿದು ಕರೆದವರಲ್ಲ. ‘ಇವಳೇ’ ಅಂದರೆ ಮುಗಿಯಿತು, ಅತ್ತೆ ಎಲ್ಲಿದ್ದರೂ ಬರುತ್ತಿದ್ದರು. ಆದರೆ ಆವತ್ತು ಛತ್ರದ ಊಟದ ಮನೆಯಲ್ಲಿ ‘ಇವಳೇ’ ಎಂದು ಕೂಗಿದಾಗ ನಾಲ್ಕು ಜನ ಹೆಂಗಸರು ತಿರುಗಿ ನೋಡಿದರಂತೆ. ಬೇರೆ ದಾರಿ ಕಾಣದೆ ಮಾವನವರು ಹೆಸರೆತ್ತಿ ಕರೆದು, ಊಟವಾಯಿತೇ ಎಂದು ಕೇಳಿದರಂತೆ. “ಅದೊಂದು ಮಾತು ಕೇಳಿದ್ರೆ ಸಾಕಪ್ಪ. ಮೊದಲಿಂದ ಕೊನೆ ತನಕ ಕೂತು ನೋಡೋಕೆ ನಂಗೂ ಆಗಲ್ಲ,” ಎಂದರು ಅತ್ತೆ. ಅವರು ಅಷ್ಟು ಮೆಲ್ಲಗೆ ಹೇಳಿದ್ದಕ್ಕೆ ನಾನು ತಲೆಯಾಡಿಸಿದ್ದರೆ ಸಾಕಿತ್ತು. ಆದರೆ ಮಾತಾಡದೆ ಬಿಡುವುದು ನನ್ನ ಸ್ವಭಾವವಲ್ಲ. “ಇದನ್ನ ಸಿ.ಡಿ. ಮಾಡಿಕೊಡ್ತೀನಿ ಬಿಡಿ, ದಿನಾ ಕೇಳಬಹುದು. ಅರ್ಧ ಗಂಟೆ ಕೆಲಸ,” ಎಂದುಬಿಟ್ಟೆ.

ಆ ಹೊತ್ತಿಗಾಗಲೇ ಊರಲ್ಲಿ ವಿ.ಸಿ.ಆರ್. ಎನ್ನುವುದು ಅಟ್ಟ ಸೇರಿತ್ತು. ಹಾಸನದಲ್ಲಿ ಹಿಂದೆ ವಿಡಿಯೋ ಅಂಗಡಿ ಇಟ್ಟಿದ್ದು, ಆಗ ಮೊಬೈಲ್ ಕರೆನ್ಸಿ ಮಾರುತ್ತಿದ್ದ ನಿಂಗಣ್ಣನನ್ನು ಹುಡುಕಿಕೊಂಡು ಹೋದೆ. ಅವನು ಕ್ಯಾಸೆಟ್ಟಿನ ಮುಚ್ಚಳ ಎತ್ತಿ, ಬೆಳಕಿಗೆ ಹಿಡಿದು, ನಾಡಿ ನೋಡುವ ವೈದ್ಯನಂತೆ ಮುಖ ಸಣ್ಣಗೆ ಮಾಡಿದ. “ಬೂಸ್ಟು ಹಿಡಿದದೆ ಕಣ್ ಸಾ. ಒಂದ್ಸಲ ಓಡ್ತದೆ. ಎರಡ್ನೇ ಸಲ ಓಡ್ತದೆ ಅಂತ ನಾನಂತೂ ಯೋಳಾಕಿಲ್ಲ. ಇಲ್ಲೇ ಗೊತ್ತಿರೋರು ಅವ್ರೆ, ಕೊಟ್ಬುಡಿ, ಮಾಡ್ಕೊಡ್ತಾರೆ.” ‘ಗೊತ್ತಿರೋರು’ ಎಂಬ ಮಾತು ನನ್ನ ಎದೆಗೆ ನಾಟಿತು. ಹಾಗಾದರೆ ನಾನು ಯಾರು? “ನಾನು ಫಿಸಿಕ್ಸ್ ಮೇಷ್ಟ್ರು ಕಣಯ್ಯ,” ಎಂದೆ. “ಅದುಕ್ಕೇ ಯೋಳ್ತಿರೋದು ಸಾ,” ಎಂದ ನಿಂಗಣ್ಣ, ತನ್ನ ಹಳೇ ವಿ.ಸಿ.ಆರ್. ಅನ್ನು ಗೋಣಿಚೀಲದಲ್ಲಿ ಸುತ್ತಿ ಕೊಡುತ್ತಾ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಪಕ್ಕದಲ್ಲಿ ಕೂತವರು ಕೇಳದಿದ್ದರೂ ಅದು ಏನು, ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಿದೆ. ಅವರು ಮುಂದಿನ ಸ್ಟಾಪಿನಲ್ಲಿ ಇಳಿದುಹೋದರು.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೆಲಸಕ್ಕೆ ಕೂತೆ. ಏರ್ಪಾಡು ಸರಳ. ವಿ.ಸಿ.ಆರ್.ನಿಂದ ಒಂದು ವೈರು ಟಿ.ವಿ.ಗೆ, ಎಲ್ಲರೂ ನೋಡಲಿ ಕೇಳಲಿ ಎಂದು. ಇನ್ನೊಂದು ಜೊತೆ ಕಂಪ್ಯೂಟರಿಗೆ, ಚಿತ್ರಕ್ಕೊಂದು, ಧ್ವನಿಗೊಂದು. ಚಿತ್ರದ ವೈರು ಹಳದಿ, ಧ್ವನಿಯದು ಕೆಂಪು, ಬಿಳಿ. “ಅರಿಶಿನ, ಕುಂಕುಮ, ವಿಭೂತಿ. ಪರವಾಗಿಲ್ವೆ, ಮಾಡಿದೋರು ಒಳ್ಳೆ ಮನೆಯೋರು,” ಎಂದರು ಅತ್ತೆ. ಧ್ವನಿಯ ವೈರು ಕಂಪ್ಯೂಟರಿನ ಬೆನ್ನಿನಲ್ಲಿ ಅರ್ಧ ಹೋಗಿ ನಿಂತಿತು. ಅಷ್ಟೇ ಹೋಗುವುದು ಅದರ ಪದ್ಧತಿ ಇರಬೇಕು ಎಂದುಕೊಂಡೆ. ಕಂಪ್ಯೂಟರಿನ ಜೊತೆ ಬಿಟ್ಟಿ ಬಂದಿದ್ದ ಮೈಕು ನನ್ನ ಮೂಗಿನ ಮುಂದೆ ಇತ್ತು. ಅದು ಚೆನ್ನಾಗಿ ಕಾಣುತ್ತಿದ್ದುದರಿಂದ ತೆಗೆಯಲಿಲ್ಲ.

ಕ್ಯಾಸೆಟ್ಟು ಓಡಿತು! ಟಿ.ವಿ.ಯಲ್ಲಿ ವಾಲಗ ಮೊಳಗಿತು, ಹೆಣ್ಣಿನ ಕಡೆಯವರು ಬಂದರು, ಶಾಲು ಹೊದ್ದ ಮಾವನವರು ಅತ್ತಿಂದಿತ್ತ ಓಡಾಡಿದರು. ಕಂಪ್ಯೂಟರಿನಲ್ಲೂ ಅದೇ ಚಿತ್ರ. ಅದರ ಕೆಳಗೆ ಧ್ವನಿಯ ಹಸಿರು ಗೆರೆಯೊಂದು ಏರಿಳಿಯುತ್ತಿತ್ತು. “ನೋಡಿ, ನೋಡಿ, ಮಾವನವರ ಧ್ವನಿ ಹೇಗೆ ಕುಣೀತಿದೆ!” ಎಂದೆ. ನಾನು ಹಾಗೆಂದಾಗ ಗೆರೆ ಇನ್ನೂ ಎತ್ತರಕ್ಕೆ ಕುಣಿಯಿತು. ಇದರಿಂದ ಹುರುಪೇರಿ, ಧ್ವನಿ ಎಂದರೇನು, ಟೇಪಿನ ಮೇಲೆ ಅದು ಹೇಗೆ ಕೂರುತ್ತದೆ, ಏಕೆ ಅಳಿಸುತ್ತದೆ, ಎಲ್ಲವನ್ನೂ ಪಿ.ಯು. ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದೆ. ಧಾರೆಯೂ ಮುಗಿಯಿತು, ಆರತಕ್ಷತೆಯ ಸಾಲೂ ಮುಗಿಯಿತು, ನನ್ನ ಪಾಠ ಇನ್ನೂ ಪೀಠಿಕೆಯಲ್ಲಿತ್ತು. ಪರದೆಯ ಮೇಲೆ ಎಲೆ ಹಾಸಲು ಶುರುವಾದಾಗ ವತ್ಸಲಾ ಎದ್ದು ನಿಂತಳು. “ರೀ, ಸಕ್ಕರೆ ಮುಗಿದುಹೋಗಿದೆ. ಅಮ್ಮನ ಕಾಫಿ ಹೊತ್ತಾಯ್ತು. ಓಡಿಹೋಗಿ ತಂದುಬಿಡಿ.” ಯಂತ್ರ ತನ್ನ ಪಾಡಿಗೆ ತಾನು ಓಡುತ್ತದೆ, ನನ್ನಂಥವನು ಹೂಡಿಕೊಟ್ಟರೆ ಸಾಕು ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡೆ. ಬಂದು ನೋಡುವಾಗ ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಮಾತು ಬಂದು ಹೋಗಿತ್ತು.

ಪೂರ್ತಿ ಇಳಿದ ಮೇಲೆ ಕ್ಯಾಸೆಟ್ಟನ್ನು ಮರ್ಯಾದೆಯಿಂದ ಹಿಂದಕ್ಕೆ ಸುತ್ತಿಸಲು ಗುಂಡಿ ಒತ್ತಿದೆ. ವಿ.ಸಿ.ಆರ್. ಒಮ್ಮೆ ಗೊರ್ ಎಂದಿತು. ಬಾಯಿಯಿಂದ ಕಪ್ಪು ಟೇಪು ಶಾವಿಗೆಯಂತೆ ಹೊರಬಂತು, ಎಳೆದಷ್ಟೂ ತುಂಡಾಯಿತು. ಅತ್ತೆಯ ಮುಖ ಬಾಡಿತು. “ಹೋಗಲಿ ಬಿಡಿ! ನಿಮ್ಮ ಯಜಮಾನರು ಈಗ ಸಿ.ಡಿ.ಯಲ್ಲಿ ಸುರಕ್ಷಿತವಾಗಿದ್ದಾರೆ,” ಎಂದು ನಾನು ನಗುತ್ತಲೇ ಹೇಳಿದೆ.

ಒಂದು ವಾರ ಬಿಟ್ಟು ಸಿ.ಡಿ. ಹಾಕಿದೆ. ಅತ್ತೆ ಮೀಸಲು ಸೀರೆ ಉಟ್ಟು ಮುಂದೆ ಕೂತರು. ಪರದೆಯ ಮೇಲೆ ಮಾವನವರು ಬಂದರು, ಕೈ ಮುಗಿದರು, ಬಾಯಿ ತೆರೆದರು. ಅವರ ಬಾಯಿಂದ ನನ್ನ ಧ್ವನಿ ಬಂತು: “ಇದು ಹಳದಿ ವೈರು, ಇದು ಚಿತ್ರಕ್ಕೆ.” ಪುರೋಹಿತರ ಮಂತ್ರದ ಮೇಲೆ ನಾನು ಕಾಂತಕ್ಷೇತ್ರ ವಿವರಿಸುತ್ತಿದ್ದೆ. ಬೀಗರನ್ನು ಅಪ್ಪಿಕೊಂಡು ಮಾವನವರು “ನೋಡಿ, ನೋಡಿ, ಮಾವನವರ ಧ್ವನಿ ಹೇಗೆ ಕುಣೀತಿದೆ!” ಎಂದರು. ಅವರ ಸ್ವಂತ ಧ್ವನಿ ಎಲ್ಲೋ ಹಿಂದೆ, ಗೋಡೆಯಾಚೆಯ ಮನೆಯವರ ಮಾತಿನಂತೆ ಗೊಣಗುತ್ತಿತ್ತು. ಎದ್ದು ಕಂಪ್ಯೂಟರಿನ ಬೆನ್ನು ನೋಡಿದೆ. ಆಯುಧಪೂಜೆಯ ದಿನ ಮುಂಭಾಗಕ್ಕೆ ವತ್ಸಲಾ ಕುಂಕುಮ ಇಟ್ಟಿದ್ದಳು. ಯಂತ್ರದ ಜೀವ ಇರುವುದು ಹಿಂದೆ ಎಂದು ವಾದಿಸಿ, ಅಲ್ಲಿದ್ದ ತೂತುಗಳಿಗೆ ಉಂಗುರ ಬೆರಳಿನಿಂದ ಧಾರಾಳವಾಗಿ ಗಂಧ ಹಚ್ಚಿದವನು ನಾನು. ಅದು ಒಣಗಿ ಕಲ್ಲಾಗಿತ್ತು. ಧ್ವನಿಯ ವೈರು ಒಳಗೇ ಹೋಗಿರಲಿಲ್ಲ. ಇಡೀ ಮದುವೆಯನ್ನು ಕೇಳಿಸಿಕೊಂಡದ್ದು ನನ್ನ ಮೂಗಿನ ಮುಂದಿನ ಮೈಕು. ಕ್ಯಾಸೆಟ್ಟಂತೂ ತುಂಡುತುಂಡಾಗಿ ಡಬ್ಬದಲ್ಲಿತ್ತು. “ಅತ್ತೆ, ತಪ್ಪಾಯ್ತು,” ಎಂದೆ. ನಿಜಕ್ಕೂ ಅಳು ಬರುವಂತಾಗಿತ್ತು.

“ಶ್, ಎಲೆ ಹಾಸ್ತಿದಾರೆ, ತಡೀರಿ,” ಎಂದಳು ವತ್ಸಲಾ. ಸಿ.ಡಿ.ಯಲ್ಲಿ ನಾನು ಯಂತ್ರದ ಬಗ್ಗೆ ಕೊನೆಯ ಮಾತು ಹೇಳಿ ಮುಗಿಸಿದೆ. ಚಪ್ಪಲಿಯ ಸದ್ದು, ಬಾಗಿಲು ಹಾಕಿದ ಸದ್ದು. ಆಮೇಲೆ ವತ್ಸಲಾಳ ಧ್ವನಿ, ಸ್ಪಷ್ಟವಾಗಿ: “ಅಬ್ಬಾ, ಹೋದ್ರು. ಟಿ.ವಿ. ಜೋರು ಮಾಡ್ತೀನಿ, ಅಮ್ಮಾ, ಈಗ ಕೇಳು.” ಅತ್ತೆಯದು: “ಸಕ್ಕರೆ ಡಬ್ಬದ ತುಂಬಾ ಇದೆಯಲ್ಲೇ?” ವತ್ಸಲಾಳದು: “ಸುಮ್ಮನಿರಮ್ಮ.” ಮತ್ತೆ ಯಾರ ಮಾತೂ ಇಲ್ಲ. ಊಟದ ಮನೆಯ ಗದ್ದಲ ತುಂಬಿಕೊಂಡಿತು. ಅದರ ಮಧ್ಯೆ ಮಾವನವರ ಕಂಚಿನ ಕಂಠ: “ಇವಳೇ!” ನಾಲ್ಕು ಹೆಂಗಸರು ತಿರುಗಿದರು. ಮಾವನವರು ಒಂದು ಗಳಿಗೆ ಪೆಚ್ಚಾಗಿ, ಕೆಮ್ಮಿ, “ಸರಸೂ, ನಿಂದು ಊಟ ಆಯ್ತೇನೇ?” ಎಂದರು.

“ಆಯ್ತು ರೀ,” ಎಂದರು ಅತ್ತೆ ಪರದೆಗೆ. ಆಮೇಲೆ ನನ್ನ ಕಡೆ ತಿರುಗಿ, “ಇನ್ನೊಂದ್ಸಲ ಹಾಕ್ತೀರಾಪ್ಪ?” ಎಂದರು. ಒಂದೂಕಾಲು ಗಂಟೆಯ ಸಿ.ಡಿ.ಯಲ್ಲಿ ಉಳಿದದ್ದು ನಾನು ಮನೆಯಲ್ಲಿಲ್ಲದ ಏಳು ನಿಮಿಷ. ಸಿ.ಡಿ.ಯನ್ನು ಹಿಂದಕ್ಕೆ ಸುತ್ತಬೇಕಾಗಿಲ್ಲ, ಅದನ್ನು ಓದುವುದು ಲೇಸರ್ ಎಂದು ಹೇಳಲು ಬಾಯಿ ತೆರೆದೆ. ವತ್ಸಲಾ ನನ್ನ ಮುಖವನ್ನೇ ನೋಡುತ್ತಿದ್ದಳು. ಬೇಕಾದ ಜಾಗಕ್ಕೆ ತಂದು ಗುಂಡಿ ಒತ್ತಿ, ಗೂಟದಿಂದ ಚೀಲ ತೆಗೆದುಕೊಂಡು ಬಾಗಿಲಿಗೆ ಹೋದೆ.

“ಏನು ತರಲಿ?” ಎಂದೆ.