ಚಂಪಾಳ ಮೇಲೆ ನಾಲ್ಕು ನಿಮಿಷ

ಸೋಮಾರಿ ಎಂಬ ಬಿರುದನ್ನು ನನಗೆ ಮನೆಯವರೇ ದಯಪಾಲಿಸಿದ್ದಾರೆ, ನಾನೂ ಒಪ್ಪಿಕೊಂಡಿದ್ದೇನೆ. ಆದರೆ ಪಗಾರವಿಲ್ಲದ ಕೆಲಸಕ್ಕೆ ನನ್ನಷ್ಟು ನಿಯತ್ತಿನ ಆಳು ಬೈಲಹೊಂಗಲದಲ್ಲಿ ಇನ್ನೊಬ್ಬನಿರಲಿಲ್ಲ. ತೊಂಬತ್ತರ ದಶಕದಲ್ಲಿ ಸಾಲೆ ಬಿಟ್ಟ ಕೂಡಲೇ ನಾವು ಮೂವರು ಹುಡುಗರು ಈರಪ್ಪ ಕಾಕಾನ ಕುದುರೆ ಲಾಯಕ್ಕೆ ಓಡುತ್ತಿದ್ದೆವು. ಟಾಂಗಾಗಳ ಕಾಲ ಮುಗಿಯುತ್ತ ಬಂದಿತ್ತು. ಕಾಕಾ ತನ್ನ ಬಿಳಿ ಕುದುರೆ ಚಂಪಾಳನ್ನು ಸವದತ್ತಿ, ರಾಮದುರ್ಗದವರೆಗೂ ಮದುವೆ ಮೆರವಣಿಗೆಗೆ ಒಯ್ಯುತ್ತಿದ್ದ. ನಾವು ಲದ್ದಿ ಬಳಿಯುವುದು, ಹುರಳಿ ನೆನೆಹಾಕುವುದು, ಮೈ ಉಜ್ಜುವುದು. “ಮನ್ಯಾಗ ಉಂಡ ಗಂಗಾಳ ಎತ್ತಂಗಿಲ್ಲ, ಅಲ್ಲಿ ಲದ್ದಿ ಎತ್ತಾಕ ಓಡತಿ!” ಎಂದು ಅವ್ವ ಬಯ್ಯುತ್ತಿದ್ದಳು.

ನನ್ನ ಆಸೆ ಒಂದೇ, ಒಮ್ಮೆ ಚಂಪಾಳನ್ನು ಏರಬೇಕು. ಕೇಳಿದರೆ ಕಾಕಾ, “ಅಕಿ ಮ್ಯಾಲ ಮದುಮಗಾ ಅಷ್ಟ ಕುಂಡ್ರೂದು, ತಮ್ಮಾ. ನಿನ್ನ ಲಗ್ನಕ್ಕ ನಾನ ಕರಕೊಂಡು ಬರತೇನಿ. ಈಗ ಅಡ್ಡಾಡಿಸಿಕೊಂಡು ಬಾ” ಎನ್ನುತ್ತಿದ್ದ. ಬ್ಯಾಂಡು, ಪಟಾಕಿಗಳಿಗೆ ಬೆದರಿ ಬಂದ ಕುದುರೆಯನ್ನು ಸಮಾಧಾನವಾಗುವ ತನಕ ಕೆರೆ ದಂಡೆಯಲ್ಲಿ ನಡೆಸುವುದು ನನ್ನ ಪಾಲಿನ ಕೆಲಸ. ಲಗಾಮು ಹಿಡಿದು ನಾನು ಮುಂದೆ, ನನ್ನ ಹೆಗಲಿಗೆ ಮೂಗು ತಾಗಿಸಿಕೊಂಡು ಅವಳು ಹಿಂದೆ. ಕಾಲೇಜು, ನೌಕರಿ ಬಂದರೂ ರವಿವಾರ ತಪ್ಪಿಸಲಿಲ್ಲ. ಅದರಲ್ಲಿ ಪ್ರೀತಿ ಎಷ್ಟು, ಆಸೆಬುರುಕತನ ಎಷ್ಟು ಎಂದು ಕೇಳಬೇಡಿ.

ಹತ್ತು ವರ್ಷದ ಮೇಲೆ ಸವದತ್ತಿಯಲ್ಲಿ ನನ್ನ ಮದುವೆ. ಕಾಕಾ ಮಾತು ಉಳಿಸಿಕೊಂಡ. ಜರಿ ರುಮಾಲು ಸುತ್ತಿಕೊಂಡು, ಗತ್ತಿನಿಂದ ಏರಿ ಕೂತೆ. ಬ್ಯಾಂಡಿನವರು ಶುರು ಮಾಡಿದರು. ಚಂಪಾ ಕದಲಲಿಲ್ಲ. ಕತ್ತು ಹೊರಳಿಸಿ ನನ್ನನ್ನೇ ನೋಡಿದಳು. ಕಾಕಾ ಲಗಾಮು ಜಗ್ಗಿದ, ಬೆನ್ನು ಸವರಿದ, ಬೆಲ್ಲ ತೋರಿಸಿದ. ಊಹೂಂ. ಮುಹೂರ್ತ ಮೀರುತ್ತದೆಂದು ನಮ್ಮಪ್ಪ ಗಡಿಯಾರ ನೋಡತೊಡಗಿದ.

ನಾಲ್ಕು ನಿಮಿಷವಾದ ಮೇಲೆ ಕಾಕಾ ಮೆಲ್ಲಗೆ ಹೇಳಿದ: “ಇಳದ ಬಿಡು ತಮ್ಮಾ. ನೀ ಮುಂದ ನಡದ್ರನ ಅಕಿ ಬರಾಕಿ.”

ಇಳಿದೆ. ದುಃಖವಾಯಿತು, ಸುಳ್ಳೇಕೆ ಹೇಳಲಿ. ಲಗಾಮು ಹಿಡಿದು ಹೊರಟೆ. ಹೆಗಲಿಗೆ ಆ ಬಿಸಿ ಉಸಿರು ತಾಗಿದಾಗ ಮಾತ್ರ, ಇಷ್ಟು ನಂಬಿಕೆಯಿಂದ ನನ್ನ ಹಿಂದೆ ಬರುವವರು ಬೇರೆ ಯಾರಿದ್ದಾರೆ ಎನಿಸಿತು.

ಮಂಟಪದ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದ ಹೆಣ್ಣಿನ ಸೋದರತ್ತೆ ನನ್ನನ್ನು ಹಿಂದೆಂದೂ ನೋಡಿರಲಿಲ್ಲ; ಜರಿ ರುಮಾಲು ನಮ್ಮ ಕಡೆಯ ಗಂಡಸರೆಲ್ಲರ ತಲೆ ಮೇಲೂ ಇತ್ತು. ಖಾಲಿ ಜೀನು ಕಂಡು ಗಾಬರಿಯಾಗಿ, “ಕುದುರಿ ಆ ಕಡೆ ಕಟ್ಟಪಾ. ಮದುಮಗಾ ಎಲ್ಲದಾನ?” ಎಂದರು.

“ಬರತಾನ್ರಿ,” ಎಂದು, ನಾನು ಮೊದಲು ಕುದುರೆಗೆ ನೀರು ಕುಡಿಸಲು ಹೋದೆ.