ಕಾಕಾನ ಹಲ್ಲಿನ ಸಂದಿ

ನಮ್ಮ ಕಾಕಾ ಹುಟ್ಟುವಾಗ ಅಳಲಿಲ್ಲ, ಸಿಳ್ಳೆ ಹೊಡೆದ! ಇದನ್ನು ನಾನು ಕಣ್ಣಾರೆ ಕಂಡಿಲ್ಲ, ನಿಜ. ಆಗ ನಾನಿನ್ನೂ ಹುಟ್ಟಿರಲಿಲ್ಲ, ಅವನಿಗೂ ಹಲ್ಲು ಬಂದಿರಲಿಲ್ಲ. ಆದರೆ ಅವನ ಜೊತೆ ಒಂದು ಬೆಳಗನ್ನಾದರೂ ಕಳೆದವರು ಈ ಮಾತನ್ನು ಅಲ್ಲಗಳೆಯಲಾರರು.

ಮೊದಲೇ ಹೇಳಿಬಿಡುತ್ತೇನೆ: ನಾನು ದಿನಚರಿ ಬರೆಯುವವಳು, ಆದರೆ ಬರೆದಿಟ್ಟದ್ದೆಲ್ಲ ನಡೆದದ್ದೇ ಎಂದು ಆಣೆ ಮಾಡುವ ಧೈರ್ಯ ನನಗಿಲ್ಲ. ಕೆಳಗೆ ಬರುವ ಒಂದು ಪ್ರಸಂಗ ಹಿರೇಕೆರೂರಿನಲ್ಲಿ ಆಯಿತೆಂದು ನಾನು, ಇಲ್ಲ, ಹಾನಗಲ್ಲಿನಲ್ಲೆಂದು ಕಾಕಾನ ಹೆಂಡತಿ, ನಮ್ಮ ಕಾಕು. ಈ ಜಗಳ ಇನ್ನೂ ತೀರಿಲ್ಲ. ಊರು ತಪ್ಪಿರಬಹುದು, ಮಾತು ಹಿಂದುಮುಂದಾಗಿರಬಹುದು. ಹಲ್ಲಿನ ವಿಷಯದಲ್ಲಿ ಮಾತ್ರ ನನ್ನನ್ನು ನಂಬಬಹುದು.

ಕಾಕಾನ ಮುಂದಿನ ಎರಡು ಹಲ್ಲುಗಳು ಮಾತು ಬಿಟ್ಟ ಅಣ್ಣತಮ್ಮಂದಿರಂತೆ ದೂರ ದೂರ ನಿಂತಿದ್ದವು. ಪಕ್ಕದ ಹಲ್ಲೊಂದು ಜಗಳ ನೋಡಲು ಬಂದವರ ಹಾಗೆ ಓರೆಯಾಗಿ ಇಣುಕುತ್ತಿತ್ತು. ಆ ಎರಡರ ನಡುವಿನ ಸಂದಿಯೇ ಕಾಕಾನ ಆಸ್ತಿ. ನಾಲಿಗೆಯನ್ನು ಅಲ್ಲಿಗೆ ಒತ್ತಿ ಅವನು ಉಸಿರು ಬಿಟ್ಟನೆಂದರೆ, ಸವಣೂರಿನ ನಮ್ಮ ಎಲೆಬಳ್ಳಿ ತೋಟದ ಆ ತುದಿಯಿಂದ ಹೊರಟ ಸಿಳ್ಳೆ ರಸ್ತೆ ದಾಟಿ ಅಡುಗೆಮನೆಗೆ ಬರುತ್ತಿತ್ತು. ಅದೂ ಒಂದೇ ಥರ ಅಲ್ಲ. ಒಮ್ಮೆ ಉದ್ದ, ಒಮ್ಮೆ ಎರಡು ಗಿಡ್ಡ, ಒಮ್ಮೆ ಸುಮ್ಮನೆ ಎಳೆದೆಳೆದು. ಗಿಳಿ ಓಡಿಸುತ್ತಾನೆಂದು ಕೆಲವರು, ವಯಸ್ಸಾದರೂ ಬುದ್ಧಿ ಬಂದಿಲ್ಲವೆಂದು ಉಳಿದವರು.

"ನಮ್ಮನ್ಯಾಗ ಎರಡು ಕುಕ್ಕರ್ ಅದಾವ ನೋಡವಾ," ಎನ್ನುತ್ತಿದ್ದಳು ಕಾಕು. "ಒಂದು ಒಲಿ ಮ್ಯಾಲ, ಒಂದು ತ್ವಾಟದಾಗ. ಒಲಿ ಮ್ಯಾಲಿಂದು ಮೂರು ಹೊಡದು ಸುಮ್ನಾಗತೈತಿ!"

ಇನ್ನು ಅಪ್ಪ. ಕಾಕಾನ ಅಣ್ಣ. ಇಬ್ಬರೂ ಒಂದೇ ಮನೆ, ಒಂದೇ ತೋಟ. ಕೆಲವು ವರ್ಷಗಳಿಂದ ಅಪ್ಪನ ಕಣ್ಣಿನೊಳಗಿನ ಒತ್ತಡ ಏರಿ ನೋಟ ಹೋಗುತ್ತ ಬಂದಿದೆ. ಹೋದದ್ದು ಮರಳದು ಎಂದು ಡಾಕ್ಟರು ಹೇಳಿದ್ದಾರೆ. "ಸ್ವಲ್ಪ ಮಬ್ಬು, ಅಷ್ಟ," ಎನ್ನುತ್ತಾನೆ ಅಪ್ಪ. ಕೋಲು ಹಿಡಿಯುವುದಿಲ್ಲ. ಯಾರಾದರೂ ಕೈ ಹಿಡಿದರೆ ಕೊಡವಿಬಿಡುತ್ತಾನೆ. ಆದರೂ ದಿನಾ ಬೆಳಿಗ್ಗೆ ಒಬ್ಬನೇ ತೋಟಕ್ಕೆ ಹೋಗಿ, ಸಾಲು ಸಾಲಾಗಿ ನಡೆದು, ಬಳ್ಳಿ ಮುಟ್ಟಿ, ಎಲೆ ತಿಕ್ಕಿ ಮೂಸಿ ವಾಪಸು ಬರುತ್ತಿದ್ದ. ಅದೊಂದು ತಿರುಗಾಟ ಮುಗಿಸಿ ಬಂದ ಮೇಲೆಯೇ ಅವನ ದನಿ ಮನೆಯ ಹಿರಿಯನ ದನಿಯಾಗುತ್ತಿದ್ದದ್ದು. ಹುಟ್ಟಿ ಬೆಳೆದ ತೋಟ, ಕಾಲಿಗೇ ಕಣ್ಣಿವೆ ಎಂದು ನಾವೆಲ್ಲ ಹೆಮ್ಮೆಪಡುತ್ತಿದ್ದೆವು.

ಹೀಗಿರುವಾಗ ಕಾಕಾ ಎಲೆ ಬೆಳೆಗಾರರ ಸಂಘಕ್ಕೆ ಅಧ್ಯಕ್ಷನಾದ. ಗೆಳೆಯರು ಸುಮ್ಮನಿರುತ್ತಾರೆಯೇ? ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸ್ ಕಟ್ಟಿದರು. ಹೂವಿನ ಹಾರ, ಎರಡೂ ಕಡೆ ನವಿಲು, ನಡುವೆ ನಗುತ್ತಿರುವ ಕಾಕಾ. ನಾನು ಹಾನಗಲ್ಲಿನ ಕಾಲೇಜಿನಲ್ಲಿ ಪಾಠ ಮಾಡುವವಳು, ಶನಿವಾರ ಊರಿಗೆ ಬರುತ್ತೇನೆ. ಬಸ್ಸಿಳಿದು ನೋಡಿದರೆ ಕಾಕಾ ಫ್ಲೆಕ್ಸಿನ ಕೆಳಗೆ ತಲೆ ಎತ್ತಿ ನಿಂತಿದ್ದಾನೆ. ಆ ಗಾತ್ರದಲ್ಲಿ ಹಲ್ಲಿನ ಸಂದಿ ಗೇಣಗಲ ಆಗಿತ್ತು. ಗುಬ್ಬಿ ಗೂಡು ಕಟ್ಟಿ ಮರಿ ಮಾಡಬಹುದಿತ್ತು!

"ನೋಡಿದೇನವಾ? ಮೊದಲ ಹಲ್ಲು ಅಧ್ಯಕ್ಷ ಆಗ್ಯಾವ, ಹಿಂದಿಂದ ನಾ ಆಗೇನಿ," ಎಂದ.

"ಇರ್ಲಿ ಬಿಡು ಕಾಕಾ. ಮಳಿ ಬಂದ್ರ ಫ್ಲೆಕ್ಸ್ ಹರಿದು ಹೋಗತೈತಿ."

"ಫ್ಲೆಕ್ಸ್ ಹೋಗತೈತಿ. ಸಂಘದ ಗ್ವಾಡಿ ಮ್ಯಾಲಿನ ಫೋಟೋ? ಅದು ನಾ ಸತ್ರೂ ಇರತೈತಿ. ಸತ್ತ ಮ್ಯಾಲೂ ಹಿಂಗ ಹಲ್ಲ ಕಿಸಕೊಂಡು ಇರ್ಲೇನು?"

ವಿಷಯ ಅಲ್ಲಿತ್ತು. ಸಂಘದ ಕೋಣೆಯ ಗೋಡೆಯ ಮೇಲೆ ಅಧ್ಯಕ್ಷರಾದವರೆಲ್ಲರ ಫೋಟೋಗಳಿವೆ, ಕೊನೆಯದು ಅಪ್ಪನದು. ಬಾಯಿ ಮುಚ್ಚಿ, ಕೊರಳ ಗುಂಡಿ ಹಾಕಿ, ಊರಿನ ನ್ಯಾಯ ಹೇಳುವವನಂತೆ ಕೂತಿದ್ದಾನೆ. ವಾರ್ಷಿಕ ಸಭೆಯಲ್ಲಿ ಅದರ ಪಕ್ಕಕ್ಕೆ ಕಾಕಾನ ಫೋಟೋ ಏರಬೇಕು. ಅಷ್ಟರೊಳಗೆ ಹಲ್ಲು ನೆಟ್ಟಗಾಗಬೇಕು! ಹುಬ್ಬಳ್ಳಿಗೆ ನಡಿ ಎಂದ.

ಹುಬ್ಬಳ್ಳಿಯ ದಂತವೈದ್ಯೆ ಸಣ್ಣ ವಯಸ್ಸಿನವರು. ಬಾಯಿಯೊಳಗೆ ಕ್ಯಾಮೆರಾ ಆಡಿಸಿ ಕಾಕಾನ ಹಲ್ಲುಗಳನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿ ನಿಲ್ಲಿಸಿದರು. ತಂತಿ ಬೇಡ, ಕಾಣದ ಹಾಗೆ ಹಲ್ಲಿಗೆ ತೊಡಿಸುವ ಅಲೈನರ್ ಇದೆ. ಎರಡು ವಾರಕ್ಕೊಮ್ಮೆ ಹೊಸದು ಹಾಕಿಕೊಳ್ಳಬೇಕು, ಹಲ್ಲು ತಾವೇ ಸರಿಯುತ್ತ ಬರುತ್ತವೆ ಎಂದರು.

"ಊಟಾ ಮಾಡುವಾಗ, ಚಹಾ ಕುಡಿಯುವಾಗಷ್ಟ ತಗೀರಿ. ಉಳಿದ ಹೊತ್ತು ಹಾಕ್ಕೊಂಡಿರಬೇಕು."

ಕಾಕಾ ಯೋಚಿಸಿ ಕೇಳಿದ: "ಮತ್ತ ಸಿಳ್ಳಿ ಹೊಡಿಯಾಕ?"

ಡಾಕ್ಟರು ನಕ್ಕರು. ನಾನೂ ನಕ್ಕೆ. ಕಾಕಾ ನಗಲಿಲ್ಲ. ಇದು ನನಗೆ ಸರಿಯಾಗಿ ನೆನಪಿದೆಯೋ, ಆಮೇಲೆ ಆದದ್ದನ್ನು ಕಂಡು ನಾನೇ ಸೇರಿಸಿಕೊಂಡೆನೋ, ಹೇಳಲಾರೆ.

ಮನೆಯಲ್ಲಿ ಆ ಪಾರದರ್ಶಕ ವಸ್ತುವಿಗೆ 'ಹಲ್ಲಿನ ಅಂಗಿ' ಎಂದು ಹೆಸರಾಯಿತು. ಮೊದಲ ಸಲ ಅದನ್ನು ಬೆಳಕಿಗೆ ಹಿಡಿದು ನೋಡಿದ ಕಾಕು ಹೇಳಿದಳು: "ಎರಡು ವಾರಕ್ಕೊಮ್ಮೆ ಹಲ್ಲಿಗೆ ಹೊಸಾ ಅಂಗಿ ಹೊಲಿಸ್ತೀರಿ. ನನಗೊಂದು ಸೀರಿ ಅಂದ್ರ ಹಬ್ಬ ಬರ್ಲಿ ಅಂತೀರಿ. ನಾನೂ ಸೊಟ್ಟಗ ಹುಟ್ಟಬೇಕಿತ್ತು!"

ಈಗ ಸವಣೂರಿನ ಮನುಷ್ಯನ ಕಷ್ಟ ಕೇಳಿ. ಖಾರದ ಊರು ನಮ್ಮದು; ಖಾರವೆಂದರೆ ಪುಡಿಯಲ್ಲ, ಕರಿದ ಕುರುಕಲು. ಕಾಕಾನ ಅಂಗಿಯ ಒಂದು ಜೇಬಿನಲ್ಲಿ ಖಾರ, ಇನ್ನೊಂದರಲ್ಲಿ ಎಲೆ ಅಡಿಕೆ. ಬಾಯಿ ಸುಮ್ಮನಿದ್ದದ್ದೇ ಇಲ್ಲ. ಈಗ ನಾಲ್ಕು ಕಾಳು ಖಾರ ತಿಂದರೂ ಹಲ್ಲಿನ ಅಂಗಿ ಬಿಚ್ಚಬೇಕು, ಬ್ರಷ್ ಮಾಡಬೇಕು, ಮತ್ತೆ ತೊಡಬೇಕು. ಖಾರದ ಜೇಬಿಗೆ ಬ್ರಷ್ ಬಂತು. ಒಮ್ಮೆ ಶಿಗ್ಗಾಂವಿ ಬಸ್ ಸ್ಟ್ಯಾಂಡಿನಲ್ಲಿ ಇಳಿಹೊತ್ತಿನಲ್ಲಿ ಮಿರ್ಚಿ ತಿಂದು ನಳದ ಮುಂದೆ ನೊರೆ ಉಕ್ಕಿಸುತ್ತ ನಿಂತಿದ್ದ. ತಡಸಕ್ಕೆ ಹೊರಟಿದ್ದ ಅಜ್ಜನೊಬ್ಬ ಸ್ವಲ್ಪ ಹೊತ್ತು ನೋಡಿ, ಕನಿಕರದಿಂದ ವಿಚಾರಿಸಿದ:

"ಈಗ ಎದ್ರೇನ್ರೀ ಯಜಮಾನ್ರ?"

ಇನ್ನು ಹಿರೇಕೆರೂರಿನ (ಕಾಕುವಿನ ಪ್ರಕಾರ ಹಾನಗಲ್ಲಿನ) ಪ್ರಸಂಗ. ಕಾಕುವಿನ ತವರಿನ ಕಡೆಯವರದೊಂದು ನಿಶ್ಚಯ ಕಾರ್ಯ. ಊಟಕ್ಕೆ ಕೂರುವಾಗ ಕಾಕಾ ಮರೆಯಲ್ಲಿ ಹಲ್ಲಿನ ಅಂಗಿ ಬಿಚ್ಚಿದ. ಡಬ್ಬಿ ಮನೆಯಲ್ಲೇ ಉಳಿದಿತ್ತು. ಬೇರೆಯವರಾಗಿದ್ದರೆ ಕರವಸ್ತ್ರದಲ್ಲಿ ಸುತ್ತುತ್ತಿದ್ದರು. ಆದರೆ ಎಲೆತೋಟದವರಿಗೆ ಏನು ಕಂಡರೂ ಎಲೆಯಲ್ಲೇ ಸುತ್ತುವ ಚಟ! ನಾವು ಉಂಗುರ ಸುತ್ತುವುದೂ ಎಲೆಯಲ್ಲೇ, ಮಾತ್ರೆ ಸುತ್ತುವುದೂ ಎಲೆಯಲ್ಲೇ. ತಾಂಬೂಲದ ತಟ್ಟೆಯಿಂದ ಎರಡು ಅಗಲವಾದ ಎಲೆ ತೆಗೆದು, ಅಂಗಿಯನ್ನು ಒಳಗಿಟ್ಟು, ಚಂದಾಗಿ ಮಡಚಿ, ಲವಂಗ ಚುಚ್ಚಿ, ತಟ್ಟೆಯ ಅಂಚಿಗೇ ಇಟ್ಟು ಊಟಕ್ಕೆ ಹೋದ. ಲವಂಗ ಯಾಕೆ ಚುಚ್ಚಿದಿ ಎಂದು ಆಮೇಲೆ ಕೇಳಿದರೆ, "ಕೈ ರೂಢಿ," ಎಂದ.

ಊಟ ಮುಗಿಸಿ ಬರುವಷ್ಟರಲ್ಲಿ ಬೀಗರ ಪೈಕಿ ಹಿರಿಯರೊಬ್ಬರು, ಹುಡುಗನ ಅಜ್ಜ, ತಟ್ಟೆಯ ಮುಂದೆ ಕೂತಿದ್ದರು. ಮಡಚಿದ ಎಲೆಯನ್ನು ಕಂಡು ತಮಗಾಗಿಯೇ ಮಾಡಿಟ್ಟ ಮರ್ಯಾದೆ ಎಂದುಕೊಂಡು ದವಡೆಗೆ ಒತ್ತಿಕೊಂಡಿದ್ದರು. ಒಮ್ಮೆ ಅಗಿದರು. ಇನ್ನೊಮ್ಮೆ ಅಗಿದರು. ಇಡೀ ಪಡಸಾಲೆಗೆ ಕೇಳುವಂತೆ 'ಕಟ್' ಎಂದಿತು.

"ಎಲಿ ಭೇಷ್ ಐತ್ರಿ ಸವಣೂರಿಂದು," ಎಂದರು ಅಜ್ಜ. "ಅಡಿಕಿ ಯಾವೂರಿಂದ್ರಿ? ಭಾರೀ ಗಟ್ಟಿ!"

ಕಾಕಾ ಕೈ ಮುಗಿದು ನಿಂತ. "ಉಗುಳಿಬಿಡ್ರೀ ಯಜ್ಜಾ, ಅದು ನನ್ನ ಬಾಯಾಂದು!"

ಸಂಬಂಧ ಮುರಿಯಲಿಲ್ಲ, ದೇವರು ದೊಡ್ಡವನು. ಆದರೆ ಆ ಕಡೆಯವರು ಈಗಲೂ ನಮ್ಮ ಮನೆಗೆ ಬಂದರೆ ಮಡಚಿದ ಎಲೆಯನ್ನು ಬಿಚ್ಚಿ, ಒಳಗೆ ಕಣ್ಣಾಡಿಸಿ, ಆಮೇಲೆ ಬಾಯಿಗಿಡುತ್ತಾರೆ.

ಇಷ್ಟೆಲ್ಲದರ ನಡುವೆ ಹಲ್ಲುಗಳು ಮಾತ್ರ ಹೇಳಿದ ಮಾತು ಕೇಳುತ್ತಿದ್ದವು. ಅಂಗಿಯ ಮೇಲೆ ಅಂಗಿ ಬದಲಾದಂತೆ ಅಣ್ಣತಮ್ಮಂದಿರು ಹತ್ತಿರ ಬಂದರು. ಇಣುಕುತ್ತಿದ್ದ ಹಲ್ಲು ನಾಚಿ ಸಾಲಿಗೆ ಸರಿಯಿತು. ಕಾಕಾ ಕನ್ನಡಿಯ ಮುಂದೆ ಅಧ್ಯಕ್ಷರ ನಗೆ ಅಭ್ಯಾಸ ಮಾಡಿದ. ಇಷ್ಟು ದಿನ ಬೆಳಗಿನ ತೋಟದ ಹೊತ್ತಿಗೆ ಡಾಕ್ಟರ ಮಾತು ಮೀರಿ ಅಂಗಿ ಬಿಚ್ಚಿ ಸಿಳ್ಳೆ ಹೊಡೆಯುತ್ತಿದ್ದ. ಅದೂ ಒಂದು ಶನಿವಾರ ಕೇಳಲಿಲ್ಲ. ಹೋಗಿ ನೋಡಿದೆ. ತೋಟದ ತುದಿಯಲ್ಲಿ ನಿಂತು ಗಲ್ಲ ಉಬ್ಬಿಸಿ ಊದುತ್ತಿದ್ದಾನೆ. ಸೈಕಲ್ಲಿನ ಗಾಲಿಯಿಂದ ಗಾಳಿ ಹೋದಂತೆ 'ಫುಸ್' ಎನ್ನುತ್ತಿದೆ. ಸಂದಿ ಮುಚ್ಚಿತ್ತು!

ಮನೆಯಲ್ಲಿ ಹಬ್ಬ. ಕಾಕು ಅವತ್ತು ಹೋಳಿಗೆ ಮಾಡಿದಳೆಂದು ನನ್ನ ನೆನಪು. "ಒಂದು ಕುಕ್ಕರ್ ರಿಪೇರಿ ಆತು," ಎಂದಳು.

ನಗದೇ ಇದ್ದವನು ಅಪ್ಪ ಒಬ್ಬನೇ. ಮರುವಾರ ನಾನು ಬಂದಾಗ ಬೆಳಿಗ್ಗೆ ಕಟ್ಟೆಯ ಮೇಲೆಯೇ ಕೂತಿದ್ದ.

"ತ್ವಾಟಕ್ಕ ಹೋಗಲಿಲ್ಲೇನಪ್ಪಾ?"

"ಮೊಣಕಾಲು ಹಿಡದಾವು."

ಅದರ ಮುಂದಿನ ವಾರವೂ ಮೊಣಕಾಲು. ಎಲೆಯ ದರ ಹೇಳಿದರೆ "ಹೂಂ" ಅಂದ. ನೀರು ಬಿಟ್ಟದ್ದು ಹೇಳಿದರೆ "ಅವನ್ನ ಕೇಳ್ರಿ" ಅಂದ. ದನಿ ಸಣ್ಣದಾಗಿತ್ತು. ಭಾನುವಾರ ನಾನೇ ಒತ್ತಾಯ ಮಾಡಿ ಎಬ್ಬಿಸಿದೆ. ಕೈ ಹಿಡಿಯಗೊಡಲಿಲ್ಲ, ಹಿಂದೆ ಹಿಂದೆ ನಡೆದೆ. ಕಾಲುವೆ ಕವಲಾಗುವಲ್ಲಿ ಅಪ್ಪ ನಿಂತ. ಬಳ್ಳಿ ಹಬ್ಬಿದ ನುಗ್ಗೆಯ ಗಿಡಕ್ಕೆ ಅಂಗೈ ಊರಿ, ತಲೆಯನ್ನು ಸ್ವಲ್ಪ ಓರೆ ಮಾಡಿ, ನಿಂತೇ ಇದ್ದ.

"ಯಾಕಪ್ಪಾ?"

"ಏನಿಲ್ಲ. ಸುಮ್ನ."

ಆ ತುದಿಯಿಂದ ಗಾಳಿ ಹೋದ ಸದ್ದು. ಫುಸ್. ಮತ್ತೊಮ್ಮೆ, ಫುಸ್. ಅಪ್ಪ ಒಂದು ಕಾಲು ಮುಂದಿಟ್ಟ, ಹಿಂದೆ ತೆಗೆದ, ಆಮೇಲೆ ನಮ್ಮ ಸಾಲು ಬಿಟ್ಟು ಕಾಲುವೆಯ ನೀರಿಗೇ ಇಳಿದುಬಿಟ್ಟ. ಮೊಣಕಾಲವರೆಗೆ ಕೆಸರು. ಎಲೆ ಕೊಯ್ಯುವವರು ತಿರುಗಿ ನೋಡಿದರು. ಆ ತುದಿಯಿಂದ ಕಾಕಾ ಓಡಿ ಬಂದ. ಬಂದವನು ಅಣ್ಣನ ಕೈ ಹಿಡಿಯಲಿಲ್ಲ. ತಾನೂ ನೀರಿಗಿಳಿದು, ಎಲ್ಲರಿಗೂ ಕೇಳುವಂತೆ, "ಹೌದಣ್ಣಾ, ನೀ ಹೇಳಿದ್ದ ಖರೆ ನೋಡು, ಇಲ್ಲೇ ಹೂಳು ತುಂಬೇತಿ, ತಗಸಬೇಕು," ಎಂದ.

ಅಪ್ಪ ಕೆಸರಿನಲ್ಲಿ ಕಾಲು ಆಡಿಸಿ, "ಹೂಂ, ತಗಸು," ಎಂದ.

ಮರುದಿನದಿಂದ ಹಲ್ಲಿನ ಅಂಗಿ ಕಾಣೆಯಾಯಿತು. ಇಲಿ ಒಯ್ದಿತು ಎಂದ ಕಾಕಾ. ಹೊಸದನ್ನು ತರಿಸಿದರೆ ಅದನ್ನೂ ಇಲಿ ಒಯ್ದಿತು. ಹುಬ್ಬಳ್ಳಿಯಿಂದ ಫೋನ್ ಬಂತು, ಬಿಟ್ಟರೆ ಹಲ್ಲು ಮತ್ತೆ ಹಿಂದಕ್ಕೆ ಹೋಗುತ್ತವೆ ಎಂದು. "ಹೋಗತಾವೇನ್ರೀ?" ಎಂದು ಕಾಕಾ ಕೇಳಿದ ರೀತಿ ನೋಡಬೇಕಿತ್ತು. "ಎಷ್ಟ ದಿನಕ್ಕ ಹೋಗತಾವ್ರೀ?"

"ಏನ್ ಇಲೀನೋ, ಹಲ್ಲು ನೆಟ್ಟಗ ಮಾಡಿಸ್ಕೊಳ್ಳಾಕತ್ತೈತಿ," ಎಂದು ಕಾಕು ಗೊಣಗಿದಳು. ಆದರೆ ಬಿಲ ಹುಡುಕಲು ಹೋಗಲಿಲ್ಲ.

ವಾರ್ಷಿಕ ಸಭೆ ಬಂತು. ಬಾಯಿ ಮುಚ್ಚಿ ನಗ್ರಿ ಎಂದ ಫೋಟೋದವನಿಗೆ ಕಾಕಾ ಇದ್ದಬದ್ದ ಹಲ್ಲೆಲ್ಲ ತೋರಿಸಿದ. ಈಗ ಸಂಘದ ಗೋಡೆಯ ಮೇಲೆ ಅಪ್ಪನ ಪಕ್ಕದಲ್ಲಿ ಅವನಿದ್ದಾನೆ. ಸತ್ತರೂ ಇರುವ ಫೋಟೋ. ಸಂದಿ ಇನ್ನೂ ಪೂರ್ತಿ ಬಿಟ್ಟಿಲ್ಲ, ಆದರೆ ಬಿಡುತ್ತಿದೆ.

ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಕಾಕು ಕೈಯಲ್ಲಿದ್ದ ಸೌಟು ಬಿಟ್ಟಳು. ರಸ್ತೆಯಾಚೆಯಿಂದ ಉದ್ದನೆಯ ಸಿಳ್ಳೆ! ಕಟ್ಟೆಯ ಮೇಲಿದ್ದ ಅಪ್ಪ ಎದ್ದು, ಕಾಲಿನಿಂದಲೇ ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಯಾರಿಗೂ ಹೇಳದೆ ನಡೆದ. ನಾನು ಸುತ್ತು ಹಾಕಿ ಕಾಕಾನ ಪಕ್ಕ ಹೋಗಿ ನಿಂತೆ. ಉದ್ದ ಸಿಳ್ಳೆಗೆ ಅಪ್ಪ ನೆಟ್ಟಗೆ ಬರುತ್ತಿದ್ದ. ಎಳೆದೆಳೆದು ಹೊಡೆದರೆ ನಿಧಾನ. ಎಲೆ ಕೊಯ್ಯುವವರು ತಲೆ ಎತ್ತಲೂ ಇಲ್ಲ. ಹುಚ್ಚು ಕಾಕಾನ ಸಿಳ್ಳೆ, ಅದರಲ್ಲಿ ನೋಡುವುದೇನಿದೆ?

ಆಗ ನನ್ನ ಬಾಲ್ಯವನ್ನೆಲ್ಲ ಜಾಲಾಡಿದೆ. ಬಳ್ಳಿ ಕಟ್ಟುವಾಗಿನ ಹಾಡು ಸಿಕ್ಕಿತು, ಬಾವಿಯ ಗಾಲಿಯ ಕಿರುಚು ಸಿಕ್ಕಿತು, ಕಾಕಾ ನನ್ನನ್ನು ಹೆಗಲ ಮೇಲೆ ಹೊತ್ತು ಬೈಯುತ್ತ ನಡೆದದ್ದು ಸಿಕ್ಕಿತು. ಸಿಳ್ಳೆ ಸಿಗಲಿಲ್ಲ. ನನ್ನ ನೆನಪಿನ ಮೇಲೆ ನನಗೆ ಭರವಸೆಯಿಲ್ಲವೆಂದು ಮೊದಲೇ ಹೇಳಿದ್ದೇನೆ. ಹಾಗಾದರೆ ಈ ಬರಹದ ಮೊದಲ ವಾಕ್ಯವನ್ನೇ ಹೊಡೆದುಹಾಕಬೇಕೇ?

"ಕಾಕಾ," ಎಂದು ಕೇಳಿದೆ, "ಅಪ್ಪನ ಕಣ್ಣು ಮಬ್ಬಾಗೂಕಿಂತ ಮೊದಲ ನೀ ಎಂದರ ಸಿಳ್ಳಿ ಹೊಡದಿದ್ದೇನು?"

ಅಪ್ಪ ಕಾಲುವೆಯ ಕವಲಿಗೆ ಬಂದಿದ್ದ. ಕಾಕಾನ ಬಾಯಿಗೆ ಬೇರೆ ಕೆಲಸವಿತ್ತು.