ಕುಂಚಿಗೆ ತೊಟ್ಟ ರೂಟರು

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಅಂಥವರ ಪೈಕಿ ನಾನೂ ಒಬ್ಬ. ಬೈಲಹೊಂಗಲದ ನಮ್ಮ ಓಣಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸದರಲ್ಲಿ ಕಂಪನಿಯವರು ಒಂದು ರೂಟರನ್ನು ಪುಕ್ಕಟೆ ಕೊಟ್ಟರು. ಅದರ ಗುಣಗಳಿಗಿಂತ ದೋಷಗಳೇ ನನಗೆ ಬೇಗ ಬಾಯಿಪಾಠವಾದವು. ಅದರ ತಂತಿ ಎಷ್ಟು ಗಿಡ್ಡವೆಂದರೆ ಫೋನಿನ ಪಕ್ಕ ಗೋಡೆಯಲ್ಲಿ ಕೊರೆದ ಗೂಡಿನಂಥ ಮಾಡ ಬಿಟ್ಟು ಪೆಟ್ಟಿಗೆ ಕದಲುವಂತಿಲ್ಲ. ಕರೆಂಟು ಹೋಗಿ ಬಂದರೆ ತನ್ನ ಹೆಸರು, ಊರು ಎಲ್ಲ ಮರೆತು ಕೂರುತ್ತದೆ. ಅರ್ಧ ಗಂಟೆ ದುಡಿದರೆ ಮೈ ಕಾದು ದೀಪ ಆರಿಸಿಬಿಡುತ್ತದೆ. ಹತ್ತಿ ಗಿರಣಿಯ ಗುಮಾಸ್ತನಾದ ನನಗೆ ಪತ್ರ ಬರೆಯುವುದು ನೀರು ಕುಡಿದಷ್ಟು ಸಲೀಸು. ಕಂಪನಿಗೆ ಎಂಟು ದೂರು ಬರೆದೆ. ಎಂಟಕ್ಕೂ ‘ನಿಮ್ಮ ದೂರು ದಾಖಲಾಗಿದೆ’ ಎಂಬ ಒಂದೇ ಉತ್ತರ ಬಂತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಯಾವ ಯಂತ್ರವೂ ಬರಿಮೈಯಲ್ಲಿ ಇರುವುದಿಲ್ಲ. ಟೀವಿಗೆ ಕಸೂತಿಯ ಮುಸುಕು, ಮಿಕ್ಸರಿಗೆ ಲಂಗ, ಫೋನಿಗೆ ಲೇಸಿನ ರುಮಾಲು. ಗಿರಣಿಯಿಂದ ದಿನಾ ಹತ್ತಿಯ ಧೂಳು ಹೊತ್ತು ತರುವವನು ನಾನು. ರೂಟರಿಗೂ ಏನಾದರೂ ಹೊಲಿ ಎಂದು ಹೆಂಡತಿ ಶಾಂತಾಳಿಗೆ ಹೇಳಿದವನೂ ನಾನೇ. ಮಗಳು ಶಿಲ್ಪಾ ಕೂಸಾಗಿದ್ದಾಗ ತಲೆಗೂ ಬೆನ್ನಿಗೂ ಹೊದಿಸುತ್ತಿದ್ದ ಖಣದ ಬಟ್ಟೆಯ ಕುಂಚಿಗೆ ಟ್ರಂಕಿನಲ್ಲಿತ್ತು. “ಹೊಸಾದು ಯಾಕ್ರಿ, ಇದ ಸರಿಯಾಗತೈತಿ” ಎಂದು ಅದನ್ನೇ ಮೊಟಕು ಮಾಡಿ ತೊಡಿಸಿದಳು. ಮನೆಗೆ ಬಂದವರು ಮಾಡದ ಮುಂದೆ ನಿಂತು ಅದರ ಗಲ್ಲ ಹಿಂಡುವುದೊಂದು ಬಾಕಿ ಇತ್ತು.

ಶಿಲ್ಪಾ ಬಿ.ಎಡ್. ಮುಗಿಸಿ ಶಿಕ್ಷಕಿಯ ಹುದ್ದೆಗೆ ಅರ್ಜಿ ಹಾಕುವವಳಿದ್ದಳು. ಅರ್ಜಿಯನ್ನು ಇಂಟರ್ನೆಟ್ಟಿನಲ್ಲೇ ತುಂಬಬೇಕು. “ಪ್ಯಾಟ್ಯಾಗಿನ ಸೈಬರ್ ಅಂಗಡ್ಯಾಗ ತುಂಬಿ ಬರತೇನಿ ಅಪ್ಪಾ” ಎಂದಳು. “ಮನ್ಯಾಗ ಇಟಗೊಂಡು ಮಂದಿ ಬಾಗಲಾ ಕಾಯೂದೇನು?” ಎಂದು ತಡೆದೆ. ಹೀಗೆ ಇಂದು ನಾಳೆ ಎನ್ನುತ್ತ ಕೊನೆಯ ದಿನ ಬಂತು. ಸಂಜೆ ಐದಕ್ಕೆ ಗಡುವು. ನಾಲ್ಕು ಹೊಡೆಯುವ ಹೊತ್ತಿಗೆ ರೂಟರು ಮೂರನೇ ಸಲ ಕಣ್ಣು ಮುಚ್ಚಿತು. ಸೈಬರ್ ಅಂಗಡಿಗೆ ಓಡಿದರೆ ಅಲ್ಲಿ ಪಾಳಿಯ ಸಾಲು ರಸ್ತೆಯವರೆಗೆ ಬೆಳೆದಿತ್ತು. ಮನೆಗೆ ಮರಳಿದಾಗ ಮಗಳ ಕಣ್ಣಲ್ಲಿ ನೀರು. ನನಗೆ ನಿಜವಾಗಿಯೂ ಭಯವಾಯಿತು. ಭಯವಾದಾಗ ನಾನು ಕೂಗಾಡುತ್ತೇನೆ. ಕಂಪನಿಗೆ ಫೋನು ಹಚ್ಚಿ ಕೂಗಾಡಿದೆ. ಆ ಕಡೆಯವನು ಎಲ್ಲ ಕೇಳಿಸಿಕೊಂಡು, “ಸರ್, ಅದರ ಮ್ಯಾಲೇನರ ಹೊಚ್ಚೀರೇನ್ರಿ?” ಎಂದ.

ನಾನು ಮೆಲ್ಲಗೆ ಫೋನು ಇಟ್ಟು, ಅವನು ಕೇಳಿದ್ದನ್ನು ಮನೆಯವರಿಗೆ ಹೇಳಿದೆ. ಶಾಂತಾ ಕುಂಚಿಗೆ ಕಿತ್ತಳು. ಮಾಡದೊಳಗೆ ಫ್ಯಾನಿನ ಗಾಳಿ ಹೋಗುವುದಿಲ್ಲವೆಂದು ಬೀಸಣಿಕೆ ಹಿಡಿದು ನಿಂತಳು. “ನಾ ಬೀಸತೇನಿ, ನೀ ತುಂಬವಾ” ಎಂದಳು. ದೀಪ ಹತ್ತಿತು. ಐದಕ್ಕೆ ಏಳು ನಿಮಿಷ ಇರುವಾಗ ಅರ್ಜಿ ಹೋಯಿತು. ನಾನು ಊಟಕ್ಕೆ ಕುಳಿತಾಗ ಅವಳು ಹಾಗೆ ಬೀಸಿದ್ದು ನನಗೆ ನೆನಪಿಲ್ಲ.

ಮರುದಿನ ಒಂಬತ್ತನೆಯ ದೂರು ಬರೆದೆ. ಇಷ್ಟು ಕಾಯುವ ಪೆಟ್ಟಿಗೆಯ ಜೊತೆಗೆ ಕಂಪನಿ ಒಂದು ಬೀಸಣಿಕೆಯನ್ನೂ ಕೊಡಬೇಕಿತ್ತು ಎಂದು. ಶಿಲ್ಪಾ ಓದಿ, “ಕುಂಚಿಗಿ ಸುದ್ದೀನ ಬರದಿಲ್ಲಲ್ಲ ಅಪ್ಪಾ?” ಎಂದಳು.

“ಅದು ಮನಿ ಮಾತು. ಹೊರಗ ಹೇಳಬಾರದು” ಎಂದೆ.

ತಾಯಿ ಮಗಳು ನಗತೊಡಗಿದರು. ಆ ಕುಂಚಿಗೆಯನ್ನೇ ಎಳೆದುಕೊಂಡು ಮುಖ ಮುಚ್ಚಿಕೊಳ್ಳೋಣವೆಂದರೆ, ರೂಟರಿನ ಅಳತೆಗೆ ಕತ್ತರಿಸಿದ್ದು ನನಗೆಲ್ಲಿ ಸಾಕಾದೀತು!